ಮಾಧುರ್ಯದ ಮರೆ: ಬಿ. ಸರೋಜಾದೇವಿಯವರ ಅಭಿನಯ

1940ರ ದಶಕದಲ್ಲಿ ಅಮೆರಿಕದಲ್ಲಿ ತಯಾರಾಗಿ, ಫ್ರಾನ್ಸಿನ ವಿಮರ್ಶಕರಿಂದ ‘ಫಿಲ್ಮ್ ನ್ವಾರ್’ ಎಂಬ ಹೆಸರನ್ನು ಪಡೆದ ಅಪರಾಧಚಿತ್ರಗಳಲ್ಲಿ, ಪ್ರೇಮವನ್ನು ಮುಂದಿರಿಸಿ ಅಂತರಂಗವನ್ನು ಬಚ್ಚಿಟ್ಟುಕೊಳ್ಳುವ ನಾಯಿಕೆಗೆ ವಿಶಿಷ್ಟ ಸ್ಥಾನವುಂಟು. ಆ ಬಗೆಯ ಪಾತ್ರವೊಂದನ್ನು ದಕ್ಷಿಣ ಭಾರತದ ತೆರೆಯ ಮೇಲೆ ಪರಮ ಸಾಮರ್ಥ್ಯದಿಂದ ನಿರ್ವಹಿಸಿದವರು, 2025ರ ಜುಲೈ 14ರಂದು ದಿವಂಗತರಾಗಿ, ತಮ್ಮ ಮನೆತನದ ಊರಾದ ಚನ್ನಪಟ್ಟಣ ತಾಲ್ಲೂಕಿನ ದಶವಾರದಲ್ಲಿ ಮಣ್ಣಾದ ಬಿ. ಸರೋಜಾದೇವಿಯವರು.

ಪೊಲೀಸ್ ಇಲಾಖೆಯಲ್ಲಿದ್ದ ಭೈರಪ್ಪನವರ ಮಗಳಾಗಿ 1938ರಲ್ಲಿ ಜನಿಸಿದ ಅವರು, ಹೊನ್ನಪ್ಪ ಭಾಗವತರ ‘ಮಹಾಕವಿ ಕಾಳಿದಾಸ’ದ ಮೂಲಕ 1955ರಲ್ಲಿ ಚಿತ್ರರಂಗವನ್ನು ಪ್ರವೇಶಿಸಿದರು. 1958ರಲ್ಲಿ ಎಂ.ಜಿ.ಆರ್. ಅವರ ‘ನಾಡೋಡಿ ಮನ್ನನ್’, ಮರುವರ್ಷವೇ ಶ್ರೀಧರರ ‘ಕಲ್ಯಾಣ ಪರಿಸು’. ಅದೇ ವರ್ಷ ದಿಲೀಪ್ ಕುಮಾರರೊಡನೆ ಹಿಂದಿಯ ‘ಪೈಗಾಮ್’. ತಮಿಳರು ಅವರನ್ನು ಕನ್ನಡದ ಗಿಳಿಯೆಂದು ಅಕ್ಕರೆಯಿಂದ ಕರೆದರು. ಆದರೆ ಆ ಮೃದುವಾಣಿಯನ್ನೂ ಲಾವಣ್ಯವನ್ನೂ ಮೆಚ್ಚಿ ಅಷ್ಟಕ್ಕೇ ತೃಪ್ತರಾದವರು ಅವರ ಕಲೆಯ ಅರ್ಧವನ್ನು ಮಾತ್ರ ಕಂಡವರೆಂದು ನನ್ನ ದೃಢವಾದ ನಂಬಿಕೆ.

ಉಳಿದರ್ಧಕ್ಕೆ 1964ರ ತಮಿಳು ಚಿತ್ರ ‘ಪುದಿಯ ಪರವೈ’ಯನ್ನು ನೋಡಬೇಕು. ‘ಶೇಷ್ ಅಂಕ’ ಎಂಬ ಬಂಗಾಳಿ ಚಿತ್ರವನ್ನಾಧರಿಸಿ ದಾದಾ ಮಿರಾಸಿ ನಿರ್ದೇಶಿಸಿದ ಈ ಕಥೆಯ ಗುಟ್ಟನ್ನು ಬಿಚ್ಚದೆ ಇಲ್ಲಿ ವಿಧಿಯಿಲ್ಲ. ಸಿಂಗಾಪುರದಿಂದ ಮರಳುವ ಹಡಗಿನಲ್ಲಿ ಶ್ರೀಮಂತ ಗೋಪಾಲನಿಗೆ, ಎಂದರೆ ಶಿವಾಜಿ ಗಣೇಶನ್ನರಿಗೆ, ಪರಿಚಯವಾಗುವ ಲತಾ, ಎಂದರೆ ಸರೋಜಾದೇವಿ, ಆತನ ಪ್ರೇಯಸಿಯಾಗುತ್ತಾಳೆ. ಮೃತಳಾದಳೆಂದು ಆತನು ಹೇಳುತ್ತಿದ್ದ ಪತ್ನಿಯೇ ತಾನೆಂದು ಸಾಧಿಸುವ ಹೆಂಗಸೊಬ್ಬಳು ಬಂದು ನಿಂತಾಗ, ದಿಕ್ಕುಗೆಟ್ಟ ಗೋಪಾಲನು ಕಡೆಗೆ ಆ ಮರಣದ ಸತ್ಯವನ್ನು ಲತೆಯ ಮುಂದೆಯೇ ನುಡಿದುಬಿಡುತ್ತಾನೆ. ಆ ಸತ್ಯವನ್ನು ಹೊರಡಿಸುವುದಕ್ಕೆಂದೇ ಬಂದ ಪತ್ತೇದಾರಳು ಅವಳು; ಆದರೂ ಅವಳ ಪ್ರೇಮ ಸುಳ್ಳಲ್ಲ.

ಗುಟ್ಟನ್ನರಿತು ಎರಡನೆಯ ಬಾರಿ ನೋಡುವಾಗ, ಮೊದಲು ಮುಗ್ಧ ಅನುರಾಗವೆಂದು ತೋರಿದ್ದ ನೋಟಗಳಲ್ಲಿಯೇ ಪರೀಕ್ಷಿಸುವ ಬುದ್ಧಿಯೂ ಕರುಣೆಯೂ ಒಟ್ಟಿಗೆ ಸುಳಿಯುತ್ತಿರುವುದು ಅರಿವಾಗುತ್ತದೆ. ಎರಡರಲ್ಲಿ ಯಾವುದೊಂದನ್ನು ತುಸು ಹೆಚ್ಚಾಗಿ ತೋರಿದ್ದರೂ ಕಥೆ ಕುಸಿಯುತ್ತಿತ್ತು. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ದಲ್ಲಿ (1961) ಗರ್ಜಿಸಿದ ಕಂಠವೇ ಇಲ್ಲಿ ಎಲ್ಲವನ್ನೂ ಮರೆಮಾಚುವ ಸಾಧನವಾಗಿದೆ.

1967ರಲ್ಲಿ ಶ್ರೀಹರ್ಷರನ್ನು ವಿವಾಹವಾದ ಬಳಿಕವೂ ಅವರು ಬಣ್ಣವನ್ನು ಬಿಡಲಿಲ್ಲ. ವಿವಾಹವೆಂದರೆ ನಾಯಿಕೆಯ ನಿವೃತ್ತಿಯೆಂದೇ ಜನ ಭಾವಿಸಿದ್ದ ಆ ಕಾಲದಲ್ಲಿ, ಪುಟ್ಟಣ್ಣ ಕಣಗಾಲರ ‘ಮಲ್ಲಮ್ಮನ ಪವಾಡ’ (1969) ಗೃಹಿಣಿಯಾದ ನಟಿಗೆ ಗೃಹಿಣಿಯ ಧೀರಪಾತ್ರವನ್ನೇ ಒಪ್ಪಿಸಿತು. ಅತ್ತೆಯ ಕುಟಿಲವನ್ನು ವಿವೇಕದಿಂದ ಎದುರಿಸುವ ಆ ಸೊಸೆ ಕನ್ನಡಿಗರಿಗೆ ಲತೆಗಿಂತಲೂ ಆಪ್ತಳಾದಳು.