ಬೆಟ್ಟದ ಕಿಂಡಿಯಲ್ಲಿ ಗಾಳಿಯ ಲೆಕ್ಕ

ಜುಲೈ ತಿಂಗಳ ಬೆಳಗ್ಗೆ ಅಮೆರಿಕದ ಒರೆಗಾನ್ ರಾಜ್ಯದ ಹುಡ್ ರಿವರ್ ಎಂಬ ಪುಟ್ಟ ಊರಿಗೆ ಹೋದರೆ ನದಿ ದಂಡೆಯಲ್ಲಿ ಕೇಳಿಬರುವ ಪ್ರಶ್ನೆ ವಿಚಿತ್ರವೆನಿಸೀತು. ಮಳೆ ಬರುತ್ತದಾ, ಬಿಸಿಲು ಹೇಗಿದೆ ಎಂದು ಯಾರೂ ಕೇಳುವುದಿಲ್ಲ. 'ಇವತ್ತು ಎಷ್ಟರ ಹಾಯಿ?' ಎಂದು ಕೇಳುತ್ತಾರೆ. 'ನಾಲ್ಕೂವರೆ' ಎಂಬ ಉತ್ತರ ಬಂದರೆ ಮುಖ ಅರಳುತ್ತದೆ. 'ಆರೂವರೆ' ಎಂದರೆ, ಸರಿ, ಇನ್ನೊಂದು ಕಾಫಿ ಕುಡಿಯೋಣ ಎಂಬ ಸಮಾಧಾನ.

ಆ ಅಂಕಿ ಹಾಯಿಯ ಅಳತೆ, ಚದರ ಮೀಟರಿನಲ್ಲಿ. ಗಾಳಿ ಬಿರುಸಾದಷ್ಟೂ ಹಾಯಿ ಚಿಕ್ಕದಾಗಬೇಕು. ಸಾಧಾರಣ ಮೈಕಟ್ಟಿನವರಿಗೆ ಆರೂವರೆಯ ಹಾಯಿ ಎಂದರೆ ಗಂಟೆಗೆ ಸುಮಾರು 25–30 ಕಿ.ಮೀ. ವೇಗದ ಗಾಳಿ; ನಾಲ್ಕೂವರೆ ಎಂದರೆ 40ರ ಆಸುಪಾಸು. ಊರ ಮುಂದೆ ಹರಿಯುವ ಕೊಲಂಬಿಯಾ ನದಿಯಲ್ಲಿ ವಿಂಡ್‌ಸರ್ಫಿಂಗ್ ಮಾಡುವವರು ಹಲಗೆಗೆ ನೆಟ್ಟ ಹಾಯಿಯನ್ನು ಕೈಯಲ್ಲಿ ಹಿಡಿದು ನೀರ ಮೇಲೆ ಜಾರುತ್ತಾರೆ. ಕೈಟ್‌ಬೋರ್ಡಿಂಗ್ ಮಾಡುವವರನ್ನು ಉದ್ದ ಹುರಿಗಳ ತುದಿಯಲ್ಲಿ ಹಾರುವ ದೊಡ್ಡ ಗಾಳಿಪಟ ಎಳೆದೊಯ್ಯುತ್ತದೆ. 1990ರ ದಶಕದ ಆರಂಭದಲ್ಲಿ ಕೋರಿ ರೋಸ್ಲರ್, ಬೋಯಿಂಗ್‌ನಲ್ಲಿ ಎಂಜಿನಿಯರಾಗಿದ್ದ ತಂದೆ ಬಿಲ್ ಜೊತೆ ಸೇರಿ ರೂಪಿಸಿದ ಕೈಟ್‌ಸ್ಕೀ ಎಂಬ ಆದಿರೂಪ ಓಡಾಡಿದ್ದೂ ಇದೇ ನದಿಯಲ್ಲಿ.

ಎರಡೂ ಆಟಗಳಿಗೆ ಎಂಜಿನ್ ಗಾಳಿಯೇ. ಆ ಎಂಜಿನ್ನಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ: ವೇಗ ಎರಡು ಪಟ್ಟಾದರೆ ಹಾಯಿಯ ಮೇಲೆ ಬೀಳುವ ಬಲ ನಾಲ್ಕು ಪಟ್ಟು. 'ಗಂಟೆಗೆ 25ರಿಂದ 50 ಕಿ.ಮೀ. ವೇಗದ ಗಾಳಿ ಬೀಸಲಿದೆ' ಎಂಬ ರೇಡಿಯೊ ಪ್ರಕಟಣೆ ಬಟ್ಟೆ ಒಣಹಾಕುವವರಿಗೆ ಸಾಕು. ನೀರಿಗಿಳಿಯುವವನಿಗೆ ಅದರ ಒಂದು ತುದಿಯಲ್ಲಿ ಚಿಕ್ಕ ಹಾಯಿ ಹಿಡಿದರೆ ಹಲಗೆ ಸರಿಯಾಗಿ ಜಾರದು, ಇನ್ನೊಂದು ತುದಿಯಲ್ಲಿ ಗಾಳಿಪಟ ಅವನನ್ನೇ ಎತ್ತಿ ದಂಡೆಯ ಬಂಡೆಗೆ ಬಡಿದೀತು. ಅವನಿಗೆ ಬೇಕಾದದ್ದು ಇದೇ ದಂಡೆಯ, ಇವತ್ತು ಮಧ್ಯಾಹ್ನ ಮೂರರ ಗಾಳಿ. 'ಗಾಳಿ ಬಂದಾಗ ತೂರಿಕೋ' ಎಂಬ ನಮ್ಮ ಗಾದೆ ಗಾಳಿ ಯಾವಾಗ ಬರುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಹುಡ್ ರಿವರ್ ಅದನ್ನು ಲೆಕ್ಕ ಹಾಕಲು ಕಲಿತ ಊರು.

ಗೋಡೆಯಲ್ಲೊಂದು ಕಿಂಡಿ

ನಮ್ಮ ಪಶ್ಚಿಮ ಘಟ್ಟದ ಹಾಗೆ ಅಲ್ಲಿ ಕ್ಯಾಸ್ಕೇಡ್ ಪರ್ವತಸಾಲು ಕಡಲಿಗೆ ಸಮನಾಗಿ ಉತ್ತರ-ದಕ್ಷಿಣ ಮಲಗಿದೆ. ಅದರ ಪಡುವಣಕ್ಕೆ ಪೆಸಿಫಿಕ್ ಸಾಗರದ ತಂಪು, ಮೂಡಣಕ್ಕೆ ಒಣ ಬಯಲು. ಈ ಉದ್ದನೆಯ ಗೋಡೆಯನ್ನು ಸಮುದ್ರಮಟ್ಟದ ಹತ್ತಿರದಲ್ಲೇ ಸೀಳಿಕೊಂಡು ಹೋಗಿರುವುದು ಕೊಲಂಬಿಯಾ ನದಿಯ ಕಮರಿ ಒಂದೇ. ಉದ್ದ ಸುಮಾರು 130 ಕಿ.ಮೀ., ಆಳ ಕೆಲವೆಡೆ 1,200 ಮೀಟರ್. ಉತ್ತರ ದಂಡೆ ವಾಷಿಂಗ್ಟನ್ ರಾಜ್ಯದ್ದು, ದಕ್ಷಿಣ ದಂಡೆ ಒರೆಗಾನ್‌ನದು. ನದಿ ಕೊರೆದ ದಾರಿಯನ್ನು ಹಿಮಯುಗದ ಕೊನೆಯಲ್ಲಿ, ಸುಮಾರು 15 ಸಾವಿರ ವರ್ಷಗಳ ಹಿಂದೆ, ಮೊಂಟಾನಾದ ಹಿಮಸರೋವರ ಮತ್ತೆ ಮತ್ತೆ ಒಡ್ಡೊಡೆದು ನುಗ್ಗಿದ ಮಹಾಪ್ರವಾಹಗಳು ಇನ್ನಷ್ಟು ಅಗಲಿಸಿದವು.

ಪರ್ವತಸಾಲಿನ ಕಿಂಡಿಯಲ್ಲಿ ಗಾಳಿ ನುಗ್ಗುವುದು ನಮಗೆ ಹೊಸದೇನಲ್ಲ. ಕೇರಳ-ತಮಿಳುನಾಡು ಗಡಿಯ ಪಾಲಕ್ಕಾಡ್ ಕಣಿವೆ ಇಂಥದ್ದೇ ಕಿಂಡಿ. ಮುಂಗಾರಿನ ಗಾಳಿ ಅಲ್ಲಿಂದ ತೂರಿ ಬರುವುದರಿಂದಲೇ ಕೊಯಮತ್ತೂರು ಸೀಮೆಯಲ್ಲಿ ಅಷ್ಟೊಂದು ಗಾಳಿಯಂತ್ರಗಳು. ಆದರೆ ಪಾಲಕ್ಕಾಡ್ ಹತ್ತಾರು ಕಿಲೋಮೀಟರ್ ಅಗಲದ ಹೆಬ್ಬಾಗಿಲು. ಕೊಲಂಬಿಯಾದ್ದು ಓಣಿ, ತಳದಲ್ಲಿ ತುಂಬಿದ ನದಿಯಿರುವ ಓಣಿ.

ಎರಡು ಊರು, ಒಂದು ಕಳೆಯುವ ಲೆಕ್ಕ

ಬೇಸಿಗೆಯಲ್ಲಿ ಪೆಸಿಫಿಕ್ ಮೇಲೆ ಅಧಿಕ ಒತ್ತಡದ ವಲಯವೊಂದು ಬೀಡುಬಿಟ್ಟಿರುತ್ತದೆ. ಅದೇ ಹೊತ್ತಿಗೆ ಪರ್ವತದ ಮೂಡಣ ಬಯಲು ಕಾದು, ಅಲ್ಲಿನ ಗಾಳಿ ಹಗುರಾಗಿ, ಒತ್ತಡ ಕುಸಿಯುತ್ತದೆ. ಕಡಲಿನ ತಂಪು ಗಾಳಿ ಭಾರವಾದದ್ದು, ನೆಲಕ್ಕೆ ಅಂಟಿಕೊಂಡು ಬರುತ್ತದೆ; ಅದರ ಮೇಲೆ ಬೆಚ್ಚನೆಯ ಗಾಳಿಯ ಮುಚ್ಚಳ ಬೇರೆ. ಪರ್ವತ ಹತ್ತಲಾರದೆ ಅದು ಕಿಂಡಿಯಲ್ಲಿ ನುಗ್ಗುತ್ತದೆ. ಅದೇ ಹುಡ್ ರಿವರ್‌ನ ಪಡುಗಾಳಿ.

ಆದ್ದರಿಂದ ಇಲ್ಲಿನ ಮುನ್ಸೂಚಕರು ಬೆಳಗ್ಗೆ ಎದ್ದು ಮೊದಲು ನೋಡುವುದು ಹುಡ್ ರಿವರ್‌ನ ಗಾಳಿಯನ್ನಲ್ಲ. ಕಮರಿಯ ಪಡುವಣದ ಪೋರ್ಟ್‌ಲ್ಯಾಂಡ್ ಮತ್ತು ಮೂಡಣದ ದ ಡಾಲ್ಸ್, ಈ ಎರಡು ಊರುಗಳ ವಿಮಾನ ನಿಲ್ದಾಣಗಳ ವಾಯುಭಾರ ಮಾಪಕಗಳನ್ನು. ಮೊದಲನೆಯದರಿಂದ ಎರಡನೆಯದನ್ನು ಕಳೆಯುತ್ತಾರೆ. ಶೇಷ ಹೆಚ್ಚಿದಷ್ಟೂ ಗಾಳಿ ಹೆಚ್ಚು.

ಈ ಶೇಷ ಎಷ್ಟು ಚಿಕ್ಕದು ನೋಡಿ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 1,013 ಹೆಕ್ಟೊಪಾಸ್ಕಲ್. ಎರಡು ಊರುಗಳ ನಡುವೆ ಮೂರು ಹೆಕ್ಟೊಪಾಸ್ಕಲ್ ವ್ಯತ್ಯಾಸವಿದ್ದರೂ ನದಿ ನೊರೆಗಟ್ಟುತ್ತದೆ. ಎಂಟು ಮೀಟರ್ ಮೇಲೇರಿದರೆ ಒತ್ತಡ ಸುಮಾರು ಒಂದು ಹೆಕ್ಟೊಪಾಸ್ಕಲ್ ಇಳಿಯುವುದರಿಂದ, ಮೂರು ಎಂದರೆ ಎಂಟಂತಸ್ತಿನ ಕಟ್ಟಡದ ಬುಡಕ್ಕೂ ತಾರಸಿಗೂ ಇರುವಷ್ಟೇ ಅಂತರ. ಹಾಗಾಗಿಯೇ ಎರಡೂ ಊರಿನ ಅಳತೆಗಳನ್ನು ಸಮುದ್ರಮಟ್ಟಕ್ಕೆ ತಂದು ಹೋಲಿಸಬೇಕು. ಇಲ್ಲದಿದ್ದರೆ ಊರಿನ ಎತ್ತರವನ್ನೇ ಗಾಳಿಯೆಂದು ಲೆಕ್ಕ ಹಾಕಿದಂತಾಗುತ್ತದೆ. ತಡೆಯೇ ಇಲ್ಲದಿದ್ದರೆ ಮೂರು ಹೆಕ್ಟೊಪಾಸ್ಕಲ್ ವ್ಯತ್ಯಾಸ ಗಾಳಿಯನ್ನು ಗಂಟೆಗೆ 80 ಕಿ.ಮೀ. ವೇಗಕ್ಕೆ ಮುಟ್ಟಿಸಬಲ್ಲದು. ನೀರು, ಮರ, ಬಂಡೆ, ತಿರುವುಗಳು ಅದರಲ್ಲಿ ದೊಡ್ಡ ಪಾಲು ನುಂಗುತ್ತವೆ. ಎಷ್ಟು ನುಂಗುತ್ತವೆ ಎಂಬುದು ಸೂತ್ರದಿಂದ ಸಿಗುವುದಿಲ್ಲ, ವರ್ಷಗಟ್ಟಲೆ ಬರೆದಿಟ್ಟ ಅನುಭವದಿಂದ ಸಿಗುತ್ತದೆ.

ಬೇರೆ ಊರುಗಳಲ್ಲಿ ಇಂಥ ಕಳೆಯುವ ಲೆಕ್ಕ ಇಷ್ಟು ಸಲೀಸಾಗಿ ಹೊಂದುವುದಿಲ್ಲ. ಡಚ್ ವಿಜ್ಞಾನಿ ಬೈಸ್ ಬ್ಯಾಲಟ್ 1857ರಲ್ಲಿ ಹೇಳಿದ ನಿಯಮವಿದೆ: ಉತ್ತರಾರ್ಧಗೋಳದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ಒತ್ತಡ ನಿಮ್ಮ ಎಡಕ್ಕಿರುತ್ತದೆ. ಭೂಮಿ ತಿರುಗುವುದರಿಂದ ಗಾಳಿ ಬಲಕ್ಕೆ ಬಾಗಿ, ಹೆಚ್ಚು ಒತ್ತಡದಿಂದ ಕಡಿಮೆ ಒತ್ತಡಕ್ಕೆ ನೇರ ಹರಿಯುವ ಬದಲು ಅಡ್ಡಡ್ಡ ಸುತ್ತುತ್ತದೆ. ಕಮರಿಯೊಳಗೆ ಬಾಗಲು ಜಾಗವೆಲ್ಲಿದೆ? ಎರಡು ಬದಿಯ ಬಂಡೆಗೋಡೆಗಳು ಗಾಳಿಯನ್ನು ನೇರ ದಾರಿಗೆ ತಳ್ಳುತ್ತವೆ. ಬಯಲಿನಲ್ಲಿ ಮುರಿದುಬೀಳುವ ಸರಳ ಲೆಕ್ಕ ಓಣಿಯಲ್ಲಿ ನಿಲ್ಲುತ್ತದೆ.

ಕೊಳಾಯಿಯ ಬಾಯನ್ನು ಬೆರಳಿಂದ ಒತ್ತಿದಾಗ ನೀರು ಚಿಮ್ಮುವಂತೆ ಗಾಳಿಯೂ ಇಕ್ಕಟ್ಟಿನಲ್ಲಿ ಚಿಮ್ಮುತ್ತದೆ ಎಂಬ ವಿವರಣೆ ಜನಪ್ರಿಯ. ಹಾಗಿದ್ದರೆ ಗಾಳಿ ಅತಿ ಜೋರಾಗಬೇಕಾದದ್ದು ಕಮರಿ ಅತಿ ಕಿರಿದಾಗಿರುವಲ್ಲಿ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಸ್ಟಿನ್ ಶಾರ್ಪ್ ಮತ್ತು ಕ್ಲಿಫ್ ಮಾಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಚಳಿಗಾಲದಲ್ಲಿ ಬೀಸುವ ಮೂಡುಗಾಳಿಯನ್ನು ಪರಿಶೀಲಿಸಿ ಬೇರೆಯದನ್ನೇ ಕಂಡಿತು. ಗಾಳಿ ಅತಿ ಬಿರುಸಾಗಿದ್ದದ್ದು ಹೊರಬೀಳುವ ಬಾಯಿಯ ಬಳಿ. ಇಳಿಜಾರಿನಲ್ಲಿ ಬಿಟ್ಟ ಸೈಕಲ್ ಕೊನೆಯವರೆಗೂ ವೇಗ ಕೂಡಿಸಿಕೊಳ್ಳುವಂತೆ, ಗಾಳಿಯೂ ಒತ್ತಡದ ಇಳಿಜಾರಿನುದ್ದಕ್ಕೂ ವೇಗ ಗಳಿಸುತ್ತ ಹೋಗುತ್ತದೆ.

ಮೋಡದ ಅಂಚು ಎಲ್ಲಿ?

ಎಷ್ಟು ಗಾಳಿ ಎಂಬುದಕ್ಕೆ ವಾಯುಭಾರ ಉತ್ತರ ಕೊಟ್ಟಿತು. ಎಲ್ಲಿ ಎಂಬುದಕ್ಕೆ ಉತ್ತರ ಉಪಗ್ರಹದ ಚಿತ್ರದಲ್ಲಿದೆ.

ಮಲೆನಾಡಿನಿಂದ ಬಯಲುಸೀಮೆಗೆ ಇಳಿದ ಅನುಭವ ಈ ಕಮರಿಯಲ್ಲಿ ಒಂದು ಗಂಟೆಯ ಕಾರು ಪ್ರಯಾಣದಲ್ಲಿ ಆಗುತ್ತದೆ. ಪಡುವಣದ ಕ್ಯಾಸ್ಕೇಡ್ ಲಾಕ್ಸ್‌ನಲ್ಲಿ ವರ್ಷಕ್ಕೆ ಸುಮಾರು 1,900 ಮಿ.ಮೀ. ಮಳೆ, ಹುಡ್ ರಿವರ್‌ನಲ್ಲಿ ಅದರ ಅರ್ಧಕ್ಕೂ ಕಡಿಮೆ, ದ ಡಾಲ್ಸ್‌ನಲ್ಲಿ 350ರ ಆಸುಪಾಸು. ಬೇಸಿಗೆಯ ಬೆಳಗ್ಗೆ ಕಡಲಿನ ಬೂದು ಮೋಡ ಪಡುವಣದಿಂದ ತೆವಳಿ ಬಂದು ಎಲ್ಲೋ ಒಂದು ಕಡೆ ಕತ್ತರಿಸಿಟ್ಟಂತೆ ನಿಲ್ಲುತ್ತದೆ. ಮೋಡದಡಿಯಲ್ಲಿ ತಂಪು, ಅದರಾಚೆ ಉರಿಬಿಸಿಲು. ಒತ್ತಡದ ವ್ಯತ್ಯಾಸ ಕಡಿದಾಗುವುದು ಆ ಅಂಚಿನಲ್ಲೇ.

ಅಂಚು ಕ್ಯಾಸ್ಕೇಡ್ ಲಾಕ್ಸ್ ಬಳಿ ನಿಂತರೆ ಹುಡ್ ರಿವರ್‌ಗೆ ಹಬ್ಬ. ತಂಪು ಗಾಳಿಯ ಪದರ ದಪ್ಪವಾಗಿ ಮೋಡ ಹುಡ್ ರಿವರ್‌ನ ನೆತ್ತಿಯ ಮೇಲೇ ಬಂದರೆ ಗಾಳಿ ಇನ್ನೂ ಮೂಡಣಕ್ಕೆ, ರೂಫಸ್ ಮತ್ತು ಆರ್ಲಿಂಗ್ಟನ್ ಕಡೆಗೆ ಸರಿಯುತ್ತದೆ. ವ್ಯಾನುಗಳೂ ಹಿಂದೆಯೇ ಹೊರಡುತ್ತವೆ. ಅದಕ್ಕಾಗಿಯೇ ಇಲ್ಲಿನ ಮುನ್ಸೂಚನೆ ಕಮರಿಯನ್ನು ತುಂಡು ತುಂಡಾಗಿಸಿ, ಪ್ರತಿ ತುಂಡಿಗೂ ಬೆಳಗ್ಗೆ ಇಷ್ಟು, ಮಧ್ಯಾಹ್ನ ಇಷ್ಟು, ಸಂಜೆ ಇಷ್ಟು ಎಂದು ಬರೆಯುತ್ತದೆ.

ಹೊಸಬರು ಎಡವುವುದು ಸೆಕೆಯ ವಿಷಯದಲ್ಲಿ. ಬಿಸಿಲು ಹೆಚ್ಚಾದರೆ ಗಾಳಿಯೂ ಹೆಚ್ಚಬೇಕಲ್ಲವೇ? ಮೂಡಣ ಮಾತ್ರ ಕಾದರೆ ಹೌದು. ಕಡಿಮೆ ಒತ್ತಡದ ಪಟ್ಟಿ ಪರ್ವತ ದಾಟಿ ಪಡುವಣಕ್ಕೆ ಬಂದು ಪೋರ್ಟ್‌ಲ್ಯಾಂಡ್ ಕೂಡ ಬೇಯತೊಡಗಿದರೆ ಎರಡು ಊರಿನ ವ್ಯತ್ಯಾಸವೇ ಅಳಿಸಿಹೋಗುತ್ತದೆ, ನದಿ ಕನ್ನಡಿಯಾಗುತ್ತದೆ. ಪೋರ್ಟ್‌ಲ್ಯಾಂಡ್ ತನ್ನ ದಾಖಲೆಯ 46.7 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದು 2021ರ ಜೂನ್ 28ರಂದು. ಆ ಸಂಜೆಯೇ ಕಡಲ ಗಾಳಿ ಒಳನುಗ್ಗಿ, ರಾತ್ರಿಯೊಳಗೆ ಬಿಸಿ ಮುರಿಯಿತು. ಬಿಸಿಗಾಳಿಯ ದಿನಗಳು ಮುಗಿದು ಪಡುವಣ ತಣ್ಣಗಾಗಿ ಮೂಡಣ ಇನ್ನೂ ಕಾದಿರುವ ಆ ಸಂಧಿಕಾಲಕ್ಕಾಗಿ ಹಳಬರು ಕಾಯುತ್ತಾರೆ, ಸಣ್ಣ ಹಾಯಿಗಳನ್ನು ಹೊರಗೆ ತೆಗೆದಿಟ್ಟು.

ಕಂಪ್ಯೂಟರಿಗೆ ಕಾಣದ ಕಮರಿ

ಇಷ್ಟೆಲ್ಲ ಕಂಪ್ಯೂಟರು ಮಾಡಬಾರದೇ? ಮಾಡುತ್ತದೆ, ಆದರೆ ಅದರ ದೃಷ್ಟಿ ಮಂಜು. ಹವಾಮಾನದ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಹೆಣೆದು ಪ್ರತಿ ಚೌಕಕ್ಕೂ ಒಂದೇ ಎತ್ತರ, ಒಂದೇ ಗಾಳಿ ಇದೆಯೆಂದು ಲೆಕ್ಕ ಹಾಕುತ್ತವೆ. ಇಡೀ ಜಗತ್ತನ್ನು ನೋಡುವ ಅಮೆರಿಕದ ಮಾದರಿಯ ಚೌಕ ಸುಮಾರು 13 ಕಿ.ಮೀ., ಯೂರೋಪಿನದು 9 ಕಿ.ಮೀ. ಹುಡ್ ರಿವರ್ ಬಳಿ ಕಮರಿಯ ತಳದ ಅಗಲ ಅದಕ್ಕಿಂತ ಕಡಿಮೆ. ಅಷ್ಟು ದಪ್ಪ ಕುಂಚದಲ್ಲಿ ಬರೆದ ಚಿತ್ರದಲ್ಲಿ ಗೋಡೆಯ ಕಿಂಡಿಯೇ ಮುಚ್ಚಿಹೋಗುತ್ತದೆ. 2014ರಿಂದ ಬಳಕೆಯಲ್ಲಿರುವ ಅಮೆರಿಕದ ಇನ್ನೊಂದು ಮಾದರಿ 3 ಕಿ.ಮೀ. ಚೌಕದಲ್ಲಿ ಗಂಟೆಗೊಮ್ಮೆ ಹೊಸ ಲೆಕ್ಕ ಕೊಡುತ್ತದೆ. ಅದಕ್ಕೆ ಕಮರಿ ಕಾಣುತ್ತದೆ, ಕಮರಿಯ ತಿರುವುಗಳು ಮಸುಕಾಗಿ ಕಾಣುತ್ತವೆ.

ಈ ಕಣ್ಣನ್ನು ಚೂಪುಗೊಳಿಸಿದ ದೊಡ್ಡ ಪ್ರಯತ್ನ ನಡೆದದ್ದು ಇದೇ ಸೀಮೆಯಲ್ಲಿ, ಆದರೆ ಹಾಯಿಯವರಿಗಾಗಿ ಅಲ್ಲ. ಕಮರಿಯ ಮೂಡಣ ಬಾಯಲ್ಲಿ ಸಾಲುಗಟ್ಟಿರುವ ಗಾಳಿಯಂತ್ರಗಳ ವಿದ್ಯುತ್ತು ಗಾಳಿಯ ವೇಗದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ: ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಮುನ್ಸೂಚನೆಯ ಸಣ್ಣ ತಪ್ಪೂ ವಿದ್ಯುತ್ ಜಾಲಕ್ಕೆ ದುಬಾರಿ. ಅಮೆರಿಕದ ಇಂಧನ ಇಲಾಖೆ ಮತ್ತು ಸಾಗರ-ವಾಯುಮಂಡಲ ಸಂಸ್ಥೆ ನೋವಾ ಸೇರಿ 2015ರ ಅಕ್ಟೋಬರಿನಿಂದ 2017ರ ಮಾರ್ಚ್‌ವರೆಗೆ 18 ತಿಂಗಳು ರೇಡಾರ್, ಲೈಡಾರ್, ಸೋಡಾರ್‌ಗಳನ್ನು ಇಲ್ಲಿ ಹೂಡಿ ರೇಡಿಯೊ ಅಲೆ, ಲೇಸರ್, ಶಬ್ದಗಳ ನೆರವಿನಿಂದ ಗಾಳಿಯನ್ನು ಅಳೆದವು. ಆ ಪಾಠಗಳು 3 ಕಿ.ಮೀ. ಮಾದರಿಯೊಳಗೆ ಸೇರಿಕೊಂಡವು. ಯಂತ್ರಗಳಿಗೆ ಬಡಿಸಿದ ಊಟದಲ್ಲಿ ಹಾಯಿಯವರಿಗೂ ಒಂದು ಎಲೆ ಸಿಕ್ಕಿತು.

ನದಿ ಸೇರಿಸುವ ತಿದ್ದುಪಡಿ

ಗಾಳಿಯ ಲೆಕ್ಕ ಸರಿಯಾದ ಮೇಲೂ ನದಿಯದೊಂದು ತಿದ್ದುಪಡಿ ಇದೆ. ಕೊಲಂಬಿಯಾ ಪಡುವಣಕ್ಕೆ ಹರಿಯುತ್ತದೆ, ಬೇಸಿಗೆಯ ಗಾಳಿ ಮೂಡಣಕ್ಕೆ ಬೀಸುತ್ತದೆ. ಇದರಿಂದ ಎರಡು ಲಾಭ. ಗಾಳಿ ಮೂಡಣಕ್ಕೆ ತಳ್ಳಿದವನನ್ನು ಸೆಳವು ಹಿಂದಕ್ಕೆ ತರುತ್ತದೆ. ಎದುರು ಸೆಳವಿಗೆ ಸಿಕ್ಕ ಅಲೆಗಳು ಒತ್ತೊತ್ತಾಗಿ ಕೂಡಿ ಕಡಿದಾಗಿ ಏಳುತ್ತವೆ, ಕಡಲಿಲ್ಲದ ಊರಿಗೆ ಕಡಲಿನ ಅಲೆ ಬರುತ್ತದೆ. ಹುಡ್ ರಿವರ್‌ನ ಮುಂದಿರುವುದು ಕೆಳಗಿನ ಬಾನ್‌ವಿಲ್ ಅಣೆಕಟ್ಟೆಯ ಹಿನ್ನೀರು. ಹಿಮ ಕರಗುವ ಮೇ-ಜೂನ್‌ನಲ್ಲಿ ಅದರ ಸೆಳವು ಬಲ, ಆಗಸ್ಟ್‌ನಲ್ಲಿ ಸೋಮಾರಿ. ಅಷ್ಟೇ ಗಾಳಿಗೆ ಜೂನ್‌ನಲ್ಲಿ ಏಳುವ ಅಲೆ ಆಗಸ್ಟ್‌ನಲ್ಲಿ ಏಳುವುದಿಲ್ಲ. ಬೆಳ್ನೊರೆ ನೋಡಿ ಗಾಳಿಯ ಬಲ ಅಂದಾಜು ಮಾಡುವ ನಾವಿಕರ ಹಳೆಯ ವಿದ್ಯೆಯೂ ಇಲ್ಲಿ ಎಚ್ಚರದಿಂದ ಬಳಸಬೇಕಾದದ್ದು. ಎದುರು ಸೆಳವಿನಲ್ಲಿ ನೊರೆ ಬೇಗ ಏಳುತ್ತದೆ.

ಸರಾಸರಿಯೂ ಮೋಸ ಮಾಡುತ್ತದೆ. 30 ಎಂಬ ಸರಾಸರಿ 27ಕ್ಕೂ 33ಕ್ಕೂ ನಡುವೆ ತೂಗುವ ಗಾಳಿಯದ್ದಿರಬಹುದು, 15ಕ್ಕೆ ಕುಸಿದು 45ಕ್ಕೆ ಜಿಗಿಯುವ ಗಾಳಿಯದ್ದೂ ಇರಬಹುದು. ಎರಡನೆಯದರಲ್ಲಿ ಹಾಯಿಯ ಮೇಲಿನ ಬಲ ಒಂಬತ್ತು ಪಟ್ಟು ಏರಿಳಿಯುತ್ತದೆ. ದಂಡೆಯ ಮಾಪಕಗಳು ಸರಾಸರಿಯ ಜೊತೆಗೆ ಗಾಳಿಯ ಅತಿ ಜೋರನ್ನೂ ಅತಿ ಮಂದವನ್ನೂ ತೋರಿಸುವುದು ಇದಕ್ಕೇ.

ಯಾವ ಮಾಪಕವೂ ಇಲ್ಲದ ಕಾಲದಿಂದ ಲೆಕ್ಕ ಬರೆದಿಟ್ಟವರು ಮರಗಳು. ಸಸ್ಯವಿಜ್ಞಾನಿ ಡೊನಾಲ್ಡ್ ಲಾರೆನ್ಸ್ 1939ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕಮರಿಯ ಬಾವುಟ ಮರಗಳ ಬಗ್ಗೆಯೇ ಇದೆ: ಗಾಳಿಗೆ ಮುಖ ಕೊಟ್ಟ ಕಡೆಯ ಕೊಂಬೆಗಳು ಸತ್ತು, ಒಂದೇ ಕಡೆಗೆ ಬೆಳೆದ ಮರಗಳು. ಪಡುವಣ ತುದಿಯಲ್ಲಿ ಕೊಂಬೆಗಳು ಪಡುವಣಕ್ಕೇ ಚಾಚಿವೆ. ಚಳಿಗಾಲದ ಹಿಮ ಹೊತ್ತ ಮೂಡುಗಾಳಿಯ ಕೆಲಸ ಅದು. ಮೂಡಣದಲ್ಲಿ ಅವು ಮೂಡಣಕ್ಕೆ ಚಾಚಿವೆ, ಬೇಸಿಗೆಯ ಪಡುಗಾಳಿಯಿಂದ. ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೊದ ಚಿಪ್ ಕಾರ್ಖಾನೆಗಳಲ್ಲಿ ದುಡಿಯುವ ಕನ್ನಡಿಗರು ಊರಿಂದ ಬಂದ ಅಪ್ಪ-ಅಮ್ಮನನ್ನು ಮಲ್ಟ್‌ನೋಮಾ ಜಲಪಾತಕ್ಕೆ ಕರೆದೊಯ್ಯುವುದುಂಟು. ಅಲ್ಲಿಂದ ಇನ್ನೈವತ್ತು ಕಿಲೋಮೀಟರ್ ಮುಂದೆ ಹೋದರೆ ಹುಡ್ ರಿವರ್. ದಾರಿಯುದ್ದಕ್ಕೂ ಮರಗಳ ಕಡೆ ಕಣ್ಣಿಟ್ಟರೆ ಸಾಕು, ನೂರಾರು ವರ್ಷಗಳ ಸರಾಸರಿ ಓದಲು ಸಿಗುತ್ತದೆ.

ಮರಗಳಿಗೆ ಸರಾಸರಿ ಸಾಕು. ಮನುಷ್ಯನಿಗೆ ಇವತ್ತಿನ ಮೂರು ಗಂಟೆ ಬೇಕು. ವಾಯುಭಾರದ ಶೇಷ ಕೈಯಲ್ಲಿದೆ, ಮೋಡದ ಅಂಚು ಗೊತ್ತಿದೆ, ಮಾದರಿ ಗಂಟೆಗೊಮ್ಮೆ ಹೇಳುತ್ತಿದೆ. ಆದರೂ ಹುಡ್ ರಿವರ್‌ನ ದಂಡೆಗೆ ಬಂದು ನಿಲ್ಲುವ ವ್ಯಾನಿನ ಹಿಂಬಾಗಿಲು ತೆರೆದು ನೋಡಿ: ನಾಲ್ಕೂವರೆಯ ಜೊತೆಗೆ ಐದೂವರೆಯದೂ ಇರುತ್ತದೆ, ಮೂಲೆಯಲ್ಲಿ ಮೂರೂಮುಕ್ಕಾಲರದೂ ಇರುತ್ತದೆ. ಮುನ್ಸೂಚನೆ ಎಷ್ಟು ನಿಖರ ಎಂದು ತಿಳಿಯಬೇಕಿದ್ದರೆ ಆ ಹಾಯಿಗಳನ್ನು ಎಣಿಸಿದರಾಯಿತು.