ಹಿಮ್ಮಡಿಯ ಐದು ಹನಿ ರಕ್ತ

ನಮ್ಮ ಮಗಳು ಇಲ್ಲಿ ಅಮೆರಿಕದಲ್ಲಿ ಹುಟ್ಟಿದ ಮರುದಿನ ನರ್ಸ್ ಒಬ್ಬರು ಬಂದು, ಕೂಸಿನ ಹಿಮ್ಮಡಿಗೆ ಚುಚ್ಚಿ, ದಪ್ಪ ಕಾಗದವೊಂದರ ಮೇಲೆ ಅಚ್ಚಾಗಿದ್ದ ಐದು ವೃತ್ತಗಳಿಗೆ ರಕ್ತದ ಹನಿ ತುಂಬಿಸಿಕೊಂಡು ಹೋದರು. ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಅಜ್ಜಿಗೆ ಸಿಟ್ಟೇ ಬಂತು. "ಎಳೇ ಕೂಸನ್ನು ಹೀಗೆ ಅಳಿಸ್ತಾರಲ್ಲ, ಏನು ಸಿಗುತ್ತೆ ಇವರಿಗೆ?" ಎಂದರು. ನಿಜ ಹೇಳಬೇಕೆಂದರೆ ನಮಗೂ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ, ವೈದ್ಯರನ್ನು ಕೇಳಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಮೊದಲು ಶಕ್ತಿಯ ವಿಚಾರ. ನಾವು ಉಣ್ಣುವ ಅನ್ನದಲ್ಲಿರುವ ಶಕ್ತಿ ಐನೂರರ ನೋಟಿದ್ದಂತೆ. ಸಿಟಿ ಬಸ್ಸಿನ ಕಂಡಕ್ಟರಿಗೆ ಅದನ್ನು ಚಾಚಿದರೆ ಏನಾಗುತ್ತದೆಂದು ಬೆಂಗಳೂರಿನಲ್ಲಿ ಓಡಾಡಿದವರಿಗೆ ಹೇಳಬೇಕಿಲ್ಲ! ಜೀವಕೋಶಕ್ಕೂ ಚಿಲ್ಲರೆಯೇ ಬೇಕು. ಆ ಚಿಲ್ಲರೆಯ ಹೆಸರು ಎಟಿಪಿ. ಒಂದು ಗ್ಲೂಕೋಸ್ ಅಣುವನ್ನು ಹಂತಹಂತವಾಗಿ ಮುರಿದರೆ ಸುಮಾರು 30 ಎಟಿಪಿ ಸಿಗುತ್ತವೆ. ಸ್ನಾಯು ಮಡಚಲು, ನರ ಸಂದೇಶ ಸಾಗಿಸಲು, ಹೊಸ ಪ್ರೋಟೀನ್ ಹೆಣೆಯಲು ಇದೇ ಖರ್ಚಾಗುವುದು. ಯಾವುದೇ ಕ್ಷಣದಲ್ಲಿ ಮೈಯಲ್ಲಿರುವ ಎಟಿಪಿ ಕಾಲು ಕೆ.ಜಿ.ಯನ್ನು ಮೀರುವುದಿಲ್ಲ. ಆದರೆ ಖರ್ಚಾದದ್ದು ಮತ್ತೆ ಮತ್ತೆ ತುಂಬಿಕೊಳ್ಳುವುದರಿಂದ, ದಿನವೊಂದಕ್ಕೆ ನಮ್ಮ ತೂಕದಷ್ಟೇ ಎಟಿಪಿ ಕೈ ಬದಲಾಯಿಸುತ್ತದೆ.

ಈ ಎಟಿಪಿಯನ್ನು 1929ರಲ್ಲಿ ಕಂಡುಹಿಡಿದವರಲ್ಲಿ ಒಬ್ಬರು ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕೆ ಅವರೊಂದಿಗೆ ಈ ಕೆಲಸ ಮಾಡಿದರು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ ಇದನ್ನು ಕಂಡರು. ನಮ್ಮಂತೆಯೇ ಸಮುದ್ರ ದಾಟಿ ಬಂದ ಸುಬ್ಬರಾವ್ ಮತ್ತೆ ಊರಿಗೆ ಮರಳಲಿಲ್ಲ. 1948ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ನಮ್ಮ ಮಕ್ಕಳ ಶಾಲಾ ಪುಸ್ತಕದಲ್ಲಿ ಎಟಿಪಿ ಇದೆ, ಅವರ ಹೆಸರು ನಮಗೆ ಕಾಣಲಿಲ್ಲ.

ಚಿಲ್ಲರೆ ಇದ್ದರೆ ಸಾಲದು, ಕೆಲಸ ನಡೆಸುವವರೂ ಬೇಕು. ಅಡುಗೆಮನೆಯ ಡಬ್ಬಿಯಲ್ಲಿ ಸಕ್ಕರೆ ವರ್ಷಗಟ್ಟಲೆ ತೆಪ್ಪಗೆ ಕೂತಿರುತ್ತದೆ. ಅದನ್ನು ಉರಿಸಬೇಕಾದರೆ ಬೆಂಕಿಯೇ ಬೇಕು. ಆದರೆ ನಮ್ಮ ಮೈಯಲ್ಲಿ ಅದು ಬರೀ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉರಿದುಹೋಗುತ್ತದೆ. ಹೇಗೆ? ಕಿಣ್ವಗಳಿಂದ. ಇಂಗ್ಲಿಷಿನವರು ಎನ್ಜೈಮ್ ಎನ್ನುವುದು ಇದನ್ನೇ. ಪ್ರತಿ ರಾಸಾಯನಿಕ ಕ್ರಿಯೆಗೂ ದಾಟಬೇಕಾದ ಒಂದು ಘಾಟಿ ಇರುತ್ತದೆ. ಕಿಣ್ವ ಆ ಘಾಟಿಯಲ್ಲಿ ಸುರಂಗ ಕೊರೆದಂತೆ: ಹೊರಡುವ ಊರೂ ಅದೇ, ಸೇರುವ ಊರೂ ಅದೇ, ಏರು ಮಾತ್ರ ಕಡಿಮೆ. ಇನ್ನು ಕೆಲವು ಕ್ರಿಯೆಗಳಿಗೆ ಸೇರಬೇಕಾದ ಊರೇ ಎತ್ತರದಲ್ಲಿರುತ್ತದೆ. ಅಲ್ಲಿ ಕಿಣ್ವ ಎಟಿಪಿಯನ್ನು ಜೊತೆಗೆ ಕಟ್ಟಿಕೊಳ್ಳುತ್ತದೆ. ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದರೆ ಒಂದು ಇಳಿಯುತ್ತ ಇನ್ನೊಂದನ್ನು ಏರಿಸುವುದಿಲ್ಲವೇ, ಹಾಗೆ.

ಕಿಣ್ವಗಳಿಗೆ ಹದವಾದ ಬಿಸಿ ಬೇಕು. ಇಲ್ಲಿನ ಮೊದಲ ಚಳಿಗಾಲದಲ್ಲಿ ದೋಸೆ ಹಿಟ್ಟು ಎರಡು ದಿನವಾದರೂ ಹುಳಿಯದೆ ಕೂತದ್ದು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಹಿಟ್ಟಿನ ಬ್ಯಾಕ್ಟೀರಿಯಾಗಳ ಕಿಣ್ವಗಳು ಚಳಿಗೆ ನಿಧಾನವಾಗಿದ್ದವು, ಅಷ್ಟೆ. ಅವನ್‌ನ ದೀಪ ಹಚ್ಚಿ ಪಾತ್ರೆ ಒಳಗಿಟ್ಟ ಮೇಲೆ ಎಲ್ಲ ಸರಿಹೋಯಿತು.

ಒಂದು ಕಿಣ್ವಕ್ಕೆ ಸಾಮಾನ್ಯವಾಗಿ ಒಂದೇ ಕೆಲಸ. ಆ ಒಂದು ಕಿಣ್ವ ಹುಟ್ಟಿನಿಂದಲೇ ಇಲ್ಲದಿದ್ದರೆ? ಅಜ್ಜಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಹಾಲು, ಬೇಳೆ, ಮೊಟ್ಟೆಯಂಥ ಪ್ರೋಟೀನ್ ಆಹಾರದಲ್ಲೆಲ್ಲ ಫೀನೈಲ್‌ಅಲನಿನ್ ಎಂಬ ಅಮೈನೋ ಆಮ್ಲವಿದೆ. ಯಕೃತ್ತಿನ ಒಂದು ಕಿಣ್ವ ಅದನ್ನು ಟೈರೋಸಿನ್ ಆಗಿ ಬದಲಿಸುತ್ತದೆ. ಆ ಕಿಣ್ವ ಕೆಲಸ ಮಾಡದ ಮಗುವಿನ ರಕ್ತದಲ್ಲಿ ಫೀನೈಲ್‌ಅಲನಿನ್ ಏರುತ್ತ ಹೋಗಿ ಮಿದುಳನ್ನು ಕೆಡಿಸುತ್ತದೆ. ಇದೇ ಪಿಕೆಯು ಎಂಬ ಕಾಯಿಲೆ. ಹುಟ್ಟಿದಾಗ ಮಗು ಚೆನ್ನಾಗಿಯೇ ಕಾಣುತ್ತದೆ. ತಿಂಗಳುಗಳ ನಂತರ ಲಕ್ಷಣ ಕಾಣುವ ಹೊತ್ತಿಗೆ ಮಿದುಳಿಗೆ ಆದ ನಷ್ಟ ತುಂಬಿಕೊಡಲಾಗದು. ಮೊದಲ ವಾರಗಳಲ್ಲೇ ತಿಳಿದು, ಫೀನೈಲ್‌ಅಲನಿನ್ ಅಳೆದು ಕೊಡುವ ವಿಶೇಷ ಆಹಾರ ಶುರುಮಾಡಿ ಅದನ್ನೇ ಮುಂದುವರಿಸಿದರೆ, ಅದೇ ಮಗು ಎಲ್ಲರಂತೆ ಬೆಳೆದು ಓದುತ್ತದೆ. ಡಯೆಟ್ ಸೋಡಾ ಡಬ್ಬಿಯ ಮೇಲೆ ಫೀನೈಲ್‌ಅಲನಿನ್ ಇದೆ ಎಂಬ ಎಚ್ಚರಿಕೆಯನ್ನು ಸಣ್ಣ ಅಕ್ಷರದಲ್ಲಿ ಮುದ್ರಿಸುವುದು ಇವರಿಗಾಗಿಯೇ.

1934ರಲ್ಲಿ ನಾರ್ವೆಯ ಅಸ್ಬ್ಯೋರ್ನ್ ಫೋಲಿಂಗ್ ಈ ಕಾಯಿಲೆಯನ್ನು ಗುರುತಿಸಿದರು. ಕಾಗದದ ಮೇಲೆ ಒಣಗಿಸಿದ ರಕ್ತದಿಂದಲೇ ಅದನ್ನು ಪತ್ತೆಹಚ್ಚುವ ಅಗ್ಗದ ಉಪಾಯವನ್ನು 1960ರ ದಶಕದ ಆರಂಭದಲ್ಲಿ ರಾಬರ್ಟ್ ಗಥ್ರಿ ಕೊಟ್ಟರು. ಈಗ ಅದೇ ಕಾಗದದಿಂದ ಹತ್ತಾರು ಕಾಯಿಲೆಗಳನ್ನು ನೋಡುತ್ತಾರೆ. ಅವುಗಳಲ್ಲಿ ಬಯೋಟಿನಿಡೇಸ್ ಎಂಬ ಕಿಣ್ವದ ಕೊರತೆಗಂತೂ ದಿನವೂ ಕೊಡುವ ಬಯೋಟಿನ್ ಎಂಬ ವಿಟಮಿನ್ನೇ ಮದ್ದು.

ಇದು ಬಿಳಿಯರ ಕಾಯಿಲೆ, ನಮಗೇಕೆ ಎನ್ನಬೇಡಿ. 1980ರಲ್ಲೇ ಬೆಂಗಳೂರಿನಲ್ಲಿ ನವಜಾತ ಶಿಶುಗಳ ಇಂಥ ಪರೀಕ್ಷೆ ಪ್ರಾಯೋಗಿಕವಾಗಿ ಶುರುವಾಯಿತು. ಆ ದಶಕದಲ್ಲಿ ಲಕ್ಷಕ್ಕೂ ಹೆಚ್ಚು ಕೂಸುಗಳ ರಕ್ತ ನೋಡಿದಾಗ ಪಿಕೆಯು ಸೇರಿದಂತೆ ಇಂಥ ಹಲವು ಕೊರತೆಗಳು ಸಿಕ್ಕವು. ಆಗ ಬೆಂಗಳೂರು, ಮೈಸೂರುಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಸುಮಾರು ಮೂರನೇ ಒಂದರಷ್ಟು ಮಕ್ಕಳ ತಂದೆತಾಯಿ ರಕ್ತಸಂಬಂಧಿಗಳು. ಸೋದರಮಾವನಿಗೆ ಕೊಡುವುದು, ಅತ್ತೆಯ ಮಗನಿಗೆ ಕೊಡುವುದು ನಮ್ಮ ಮನೆತನಗಳಲ್ಲೂ ಇದ್ದದ್ದೇ. ಒಂದೇ ಕುಟುಂಬದ ಇಬ್ಬರಲ್ಲೂ ಒಂದೇ ಕೆಟ್ಟ ಜೀನ್ ಅಡಗಿರುವ ಸಂಭವ ಹೆಚ್ಚು. ಹಾಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಇಲ್ಲಿ ಹೆರಿಗೆಯಾದರೆ ಈ ಪರೀಕ್ಷೆ ತಾನಾಗಿ ನಡೆಯುತ್ತದೆ. ಊರಿನಲ್ಲಿ ಎಲ್ಲ ಆಸ್ಪತ್ರೆಗಳಲ್ಲೂ ಹಾಗಿಲ್ಲ. ಹೆರಿಗೆಗೆ ತವರಿಗೆ ಹೋಗುವ ನಮ್ಮ ಹೆಣ್ಣುಮಕ್ಕಳೂ, ಅಲ್ಲಿರುವ ತಂಗಿಯರೂ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಹುಟ್ಟಿದ ಕೂಡಲೇ ರಕ್ತ ತೆಗೆದರೆ ಪ್ರಯೋಜನವಿಲ್ಲ, ಸಾಮಾನ್ಯವಾಗಿ 24 ಗಂಟೆ ಕಳೆದಿರಬೇಕು. ನಮ್ಮ ಮಗಳಿಗೂ ಮರುದಿನ ಚುಚ್ಚಿದ್ದು ಅದಕ್ಕೇ. ಕಾರಣ ಕೇಳಿ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು: ಕೂಸು ಹೊಟ್ಟೆಯಲ್ಲಿರುವಷ್ಟು ಕಾಲ, ಅದಕ್ಕಿಲ್ಲದ ಕಿಣ್ವದ ಕೆಲಸವನ್ನೂ ತಾಯಿಯ ಯಕೃತ್ತೇ ಮಾಡಿಕೊಡುತ್ತಿರುತ್ತದೆ.