ಅಟ್ಟದ ಗುಜರಿಯಿಂದ ಮೀನಿನ ಮನೆ

ಅಡಿಕೆ ತೋಟವಿರುವ ಯಾವುದೇ ಮನೆಯ ಅಟ್ಟ ಹತ್ತಿ ನೋಡಿ. ಮದ್ದು ಬಿಡುತ್ತಿದ್ದ ಹಿತ್ತಾಳೆ ಪಂಪು, ಹಳೆಯ ಗ್ಯಾಸ್‌ಲೈಟ್, ನಿಂತುಹೋದ ಗೋಡೆ ಗಡಿಯಾರ – ಪುತ್ತೂರು, ಸುಳ್ಯ, ಕಡಬದ ಕಡೆ ಇವಕ್ಕೇನೂ ಬರಗಾಲವಿಲ್ಲ. ಇವನ್ನೇ ಜೋಡಿಸಿ ಮೀನಿನ ತೊಟ್ಟಿಯೊಂದನ್ನು ಶಿಲ್ಪದಂತೆ ನಿಲ್ಲಿಸಬಹುದು. ಉಗಿಯಂತ್ರದ ಕಾಲದ ಚಕ್ರ, ನಳಿಗೆ, ಮಾಪಕಗಳನ್ನೇ ಅಲಂಕಾರವಾಗಿಸುವ ಈ ಕಲೆಗೆ ‘ಸ್ಟೀಮ್‌ಪಂಕ್’ ಎಂದು ಹೆಸರು. ಅಮೆರಿಕದ ಲೇಖಕ ಕೆ. ಡಬ್ಲ್ಯೂ. ಜೀಟರ್ 1987ರಲ್ಲಿ ಬಳಕೆಗೆ ತಂದ ಪದ.

ಮೀನಿನ ತೊಟ್ಟಿಗೆ ಈ ವೇಷ ಚೆನ್ನಾಗಿಯೇ ಒಪ್ಪುತ್ತದೆ. ಮನೆಯೊಳಗಿನ ಗಾಜಿನ ತೊಟ್ಟಿ ಜನಪ್ರಿಯವಾದದ್ದೂ ಆ ಕಾಲದಲ್ಲೇ. 1850ರಲ್ಲಿ ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಚಿನ್ನದ ಮೀನು, ನೀರುಗಿಡ, ಬಸವನಹುಳುಗಳನ್ನು ಒಂದೇ ಪಾತ್ರೆಯಲ್ಲಿಟ್ಟು, ಒಂದರ ಕಸ ಇನ್ನೊಂದಕ್ಕೆ ಆಹಾರವಾಗುವುದನ್ನು ತೋರಿಸಿದರು. 1853ರಲ್ಲಿ ಅಲ್ಲಿನ ಮೃಗಾಲಯದಲ್ಲಿ ಮತ್ಸ್ಯಾಲಯವೇ ತೆರೆಯಿತು.

ಆದರೆ ಅಟ್ಟದ ಪಂಪನ್ನು ನೇರವಾಗಿ ನೀರಿಗೆ ಇಳಿಸುವಂತಿಲ್ಲ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ತಾಮ್ರದ ಗುಣವನ್ನು ನಮ್ಮ ಕೃಷಿಕರಿಗೆ ಹೇಳಿಕೊಡಬೇಕಾಗಿಲ್ಲ. ಮಹಾಳಿಗೆ ಬಿಡುವ ಬೋರ್ಡೋ ದ್ರಾವಣವೆಂದರೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ರೋಗಾಣುವನ್ನು ಕೊಲ್ಲುವುದು ಮೈಲುತುತ್ತಿನ ತಾಮ್ರ. ಅದೇ ತಾಮ್ರ ಮೀನಿನ ಕಿವಿರಿಗೆ ತಗುಲಿದರೆ ಮೈಯ ಲವಣದ ಸಮತೋಲ ಕೆಡುತ್ತದೆ. ಸಿಗಡಿ, ಬಸವನಹುಳುಗಳು ಇನ್ನೂ ಬೇಗ ಸಾಯುತ್ತವೆ. ದ್ರಾವಣ ಹದವಾಯಿತೇ ಎಂದು ಹೊಳೆಯುವ ಚೂರಿ ಅದ್ದಿ ನೋಡುತ್ತೇವಲ್ಲ, ಅಲಗು ಕೆಂಪಾದರೆ ಕರಗಿದ ತಾಮ್ರ ಉಳಿದಿದೆ, ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಮೀನಿಗೆ ಮಾರಕವಾಗುವ ಪ್ರಮಾಣ ಈ ಚೂರಿಗೆ ಕಾಣದಷ್ಟು ಕಡಿಮೆ. ಮೆದು ನೀರಿನಲ್ಲಿ, ಹುಳಿ ಗುಣದ ನೀರಿನಲ್ಲಿ ಅಪಾಯ ಹೆಚ್ಚು. ಮುರಕಲ್ಲಿನ ನೆಲದ ಬಾವಿ ನೀರು ಹೆಚ್ಚಾಗಿ ಆ ಜಾತಿಯದೇ. “ತಾಮ್ರದ ಚೊಂಬಿನ ನೀರು ಒಳ್ಳೆಯದಂತೆ, ಅಲ್ವಾ ಸಾರ್?” ಎಂದು ಮಕ್ಕಳು ಕೇಳುವುದುಂಟು. ನಾವು ಅದನ್ನು ಒಂದು ಲೋಟ ಕುಡಿಯುತ್ತೇವೆ. ಮೀನು ಹಗಲೂ ರಾತ್ರಿ ಅದರಲ್ಲೇ ಉಸಿರಾಡಬೇಕು.

ಹಾಗಾಗಿ ತೊಟ್ಟಿ ಬೇರೆ, ವೇಷ ಬೇರೆ ಇರಲಿ. ಗಾಜುಗಳನ್ನು ಮೀನಿನ ತೊಟ್ಟಿಗೆಂದೇ ಸಿಗುವ ಸಿಲಿಕೋನ್ ಅಂಟಿನಿಂದ ಜೋಡಿಸಿ. ಬಚ್ಚಲುಮನೆಗೆ ಬಳಸುವ, ಬೂಸ್ಟು ತಡೆಯುವ ಅಂಟು ಬೇಡ. ಚಕ್ರ, ನಳಿಗೆಗಳೆಲ್ಲ ಹೊರಗಿನ ಚೌಕಟ್ಟಿಗೆ. ಮುಚ್ಚಳವೂ ಗಾಜಿನದ್ದೇ ಆಗಲಿ, ಇಲ್ಲವಾದರೆ ಹಿತ್ತಾಳೆಯ ಮೇಲೆ ಕಟ್ಟಿದ ಬೆವರು ತೊಟ್ಟಿಗೇ ಹನಿಯುತ್ತದೆ. ನೀರೊಳಗೆ ನಳಿಗೆ ಬೇಕೇ ಬೇಕೆಂದರೆ ಪಿವಿಸಿ ಇದೆ. ಹಳೆಯ ಪಂಪನ್ನು ತೊಳೆಯುವ ಕೆಲಸ ದೊಡ್ಡವರದು. ತೊಳೆದ ನೀರು ತೋಡಿಗೆ, ಬಾವಿಯ ಬಳಿಗೆ ಹೋಗಬಾರದು.

ಪೀಠಕ್ಕೆ ಹಳೆಯ ಹೊಲಿಗೆ ಯಂತ್ರದ ಬೀಡಿನ ಕಾಲು ಬಲು ಚೆಂದ. ಆದರೆ ಲೆಕ್ಕ ಹಾಕಿ: 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ತೊಟ್ಟಿ ತುಂಬಿದರೆ 54 ಲೀಟರ್, ಅಂದರೆ ನೀರೇ 54 ಕಿಲೋ. ಗಾಜು, ಜಲ್ಲಿ ಬೇರೆ. ಕಾಲು ಅಲುಗಾಡುವಂತಿದ್ದರೆ ಆಸೆ ಬಿಡಿ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಬರುವ ಹೊತ್ತು ಹೇಳುವಂತಿಲ್ಲ. ಗಾಳಿ ಪಂಪನ್ನೇ ನಂಬದೆ ಗಿಡ ಹೆಚ್ಚು, ಮೀನು ಕಡಿಮೆ ಇಡಿ. ಮೀನಿನ ಕಸದ ಅಮೋನಿಯವನ್ನು ನೈಟ್ರೇಟಾಗಿಸುವ ಬ್ಯಾಕ್ಟೀರಿಯ ಜಲ್ಲಿಯಲ್ಲಿ ನೆಲೆಗೊಳ್ಳಲು ವಾರಗಳೇ ಬೇಕು. ಮೊದಲ ತಿಂಗಳು ಎರಡೇ ಮೀನು ಸಾಕು.